ಸುಮ್ಮನಿರುವುದನ್ನು ಕಲಿತ ಕ್ಯಾಮೆರಾ

ಆಂಧ್ರದ ಪರಿಗಿ ಊರಿನವರಿಗೆ ಹತ್ತಿರದ ಪೇಟೆ ಹಿಂದೂಪುರ. 1985ರಲ್ಲಿ ಎನ್.ಟಿ. ರಾಮರಾವ್ ಅವರನ್ನು, 2014ರಲ್ಲಿ ಅವರ ಮಗ ಬಾಲಕೃಷ್ಣ ಅವರನ್ನು ವಿಧಾನಸಭೆಗೆ ಆರಿಸಿ ಕಳಿಸಿದ ಕ್ಷೇತ್ರವದು. ತಾರೆಗಳ ಅಬ್ಬರಕ್ಕೆ ಹೆಸರಾದ ತೆಲುಗು ಚಿತ್ರರಂಗ ಅಲ್ಲಿ ಮನೆಯ ಮಾತು. ಆದರೆ ಕನ್ನಡದ ಹೊಸ ಅಲೆಗೆ ಬಾಗಿಲು ತೆರೆದ ‘ಸಂಸ್ಕಾರ’ದ (1970) ನಿರ್ದೇಶಕರೂ ತೆಲುಗು ಕವಿಯೇ: ನೆಲ್ಲೂರಿನ ಪಟ್ಟಾಭಿರಾಮ ರೆಡ್ಡಿ.

ಅನಂತಮೂರ್ತಿಯವರ ಕಾದಂಬರಿ, ಗಿರೀಶ ಕಾರ್ನಾಡರ ಚಿತ್ರಕಥೆ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಅಲ್ಲಿ ಕೂಡಿದವು. ಸೆನ್ಸಾರ್ ತಡೆಯನ್ನು ದಾಟಿ ಬಂದ ಚಿತ್ರ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆಯಿತು. ಅಗ್ರಹಾರದ ಬದುಕು ತೆರೆಯ ಮೇಲೆ ನಿಜವಾಗಿ ಕಂಡರೂ ಚಿತ್ರದ ಕಸುವು ಇನ್ನೂ ವಾದದಲ್ಲೇ ಇತ್ತು. ನಾಯಕ ಪ್ರಾಣೇಶಾಚಾರ್ಯರ ತೊಳಲಾಟ ಹೆಚ್ಚಾಗಿ ಮಾತಿನಲ್ಲೇ ಬಿಚ್ಚಿಕೊಳ್ಳುತ್ತದೆ.

ವಾದ ಹಿಂದೆ ಸರಿದು ನೋಟ ಮುಂದೆ ಬಂದದ್ದು ನಂತರ. ‘ಕಾಡು’ (1973) ಹಳ್ಳಿಯ ಹಗೆಯನ್ನು ಹುಡುಗ ಕಿಟ್ಟಿಯ ಕಣ್ಣಿಂದ ತೋರಿಸಿತು. ‘ಚೋಮನ ದುಡಿ’ಯಲ್ಲಿ (1975) ಎಂ.ವಿ. ವಾಸುದೇವರಾವ್ ಅವರ ಬಾಗಿದ ಬೆನ್ನೇ ಅರ್ಧ ಕಥೆ ಹೇಳಿತು.

ಈ ದಾರಿಯ ಶಿಖರ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ವೇದ ಕಲಿಯಲು ಬಂದ ಬಾಲಕ ನಾಣಿಗೆ ವಿಧವೆ ಯಮುನಕ್ಕನ ಸಂಕಟ ಪೂರ್ತಿ ಅರ್ಥವಾಗುವುದಿಲ್ಲ. ಅವನಿಗೆ ತಿಳಿಯದ್ದನ್ನು ಚಿತ್ರವೂ ಬಾಯಿಬಿಟ್ಟು ಹೇಳುವುದಿಲ್ಲ; ಆ ತೆರಪನ್ನು ನಾವೇ ತುಂಬಿಕೊಳ್ಳಬೇಕು. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವಾಗಲೂ ಎಸ್. ರಾಮಚಂದ್ರರ ಕ್ಯಾಮೆರಾ ಕಣ್ಣೀರನ್ನು ಬೇಡುವುದಿಲ್ಲ. ಹೀಗೆ ತಡೆಹಿಡಿದದ್ದರಿಂದಲೇ ಕ್ರೌರ್ಯ ಹೆಚ್ಚು ನಾಟುತ್ತದೆ. 2024ರಲ್ಲಿ ಇದರ ಪುನಶ್ಚೇತನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು.

ಕಾಸರವಳ್ಳಿಯವರದೇ ‘ತಬರನ ಕಥೆ’ಯಲ್ಲಿ (1986) ಖಳನಾಯಕನೆಂಬವನೇ ಇಲ್ಲ; ಪಿಂಚಣಿಯ ಕಡತ ಒಂದು ಮೇಜಿಂದ ಇನ್ನೊಂದಕ್ಕೆ ಸಾಗುವಷ್ಟರಲ್ಲಿ ಒಂದು ಸಂಸಾರ ಮುಗಿಯುತ್ತದೆ. ಅವರ ಇನ್ನೊಂದು ಚಿತ್ರ, ಮುಳುಗಡೆಯ ಕಥೆ ‘ದ್ವೀಪ’ವನ್ನು ನಿರ್ಮಿಸಿ ಅದರಲ್ಲಿ ನಾಗಿಯಾಗಿ ನಟಿಸಿದವರು ತೆಲುಗಿನಲ್ಲಿ ಮನೆಮಾತಾಗಿದ್ದ ಸೌಂದರ್ಯ. ನೆರೆಯಲ್ಲಿ ಮನೆ ಉಳಿಸಿದವಳು ನಾಗಿ. ಗಂಡ ಆ ಶ್ರೇಯವನ್ನು ದೇವರಿಗೆ ಒಪ್ಪಿಸಿಬಿಡುತ್ತಾನೆ. ಆಗ ಅವಳ ಮುಖದಲ್ಲಿ ಸುಳಿಯುವುದೇ ಚಿತ್ರದ ತೀರ್ಪು.

ರಾಮ್ ರೆಡ್ಡಿಯವರ ‘ತಿಥಿ’ (2015) ವೃತ್ತಿಪರ ನಟರನ್ನೂ ಕೈಬಿಟ್ಟಿತು. ಮಂಡ್ಯ ಸೀಮೆಯ ಹಳ್ಳಿಗರು ತಮ್ಮದೇ ಮಾತಿನಲ್ಲಿ ಕಾಣಿಸಿಕೊಂಡ ಈ ಚಿತ್ರ ಲೊಕಾರ್ನೊ ಚಿತ್ರೋತ್ಸವದ ‘ಇಂದಿನ ಚಿತ್ರಕಾರರು’ ವಿಭಾಗದಲ್ಲಿ ‘ಚಿನ್ನದ ಚಿರತೆ’ ಪ್ರಶಸ್ತಿ ಗೆದ್ದಿತು. ಸಾವಿನ ಮನೆಯಲ್ಲಿ ಜಮೀನಿನ ಲೆಕ್ಕ ನಡೆಯುತ್ತದೆ, ನಗುವೂ ಉಕ್ಕುತ್ತದೆ. ಗಂಭೀರ ಚಿತ್ರವೆಂದರೆ ಜೋಲುಮೋರೆ ಎಂಬ ನಂಬಿಕೆಯನ್ನು ಅದು ಮುರಿಯಿತು.

ವಾದದಿಂದ ನೋಟಕ್ಕೆ, ನೋಟದಿಂದ ನಡೆನುಡಿಗೆ ಸಾಗಿದ ಈ ಹಾದಿಯಲ್ಲಿ ಕನ್ನಡ ಸಿನಿಮಾ ನೋಡುಗನ ಬುದ್ಧಿಯನ್ನು ಹೆಚ್ಚು ಹೆಚ್ಚು ನಂಬುತ್ತ ಬಂದಿದೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು. ಮುಂದೇನಾಯಿತೆಂದು ಅವಸರಿಸದೆ, ಯಾರು ಯಾವಾಗ ಸುಮ್ಮನಾದರು ಎಂಬುದನ್ನು ಒಮ್ಮೆ ಗಮನಿಸಿ ನೋಡಿ.