ಮರವಾದ ಜಾಲ
ವಿದ್ಯಾರ್ಥಿಗಳೇ, ಎರಡು ಕಂಪ್ಯೂಟರ್ ಜಾಲಗಳನ್ನು ಒಂದೇ ಬ್ರಿಜ್ ಜೋಡಿಸಿದ್ದರೆ, ಅದು ಕೆಟ್ಟೊಡನೆ ಸಂಪರ್ಕ ನಿಲ್ಲುತ್ತದೆ. ಎರಡಿಟ್ಟರೆ? ಅಪಾಯ ಅಲ್ಲೇ! ಈಥರ್‌ನೆಟ್ ಸಂದೇಶಕ್ಕೆ ಆಯುಸ್ಸಿನ ಮಿತಿಯಿಲ್ಲ. ಎಲ್ಲರಿಗೂ ಕಳಿಸಿದ ಒಂದು ಸಂದೇಶ ಸುತ್ತುತ್ತಲೇ ಇದ್ದು ಇಡೀ ಜಾಲವನ್ನು ಕಟ್ಟಿಹಾಕುತ್ತದೆ.

1985ರಲ್ಲಿ ಇದಕ್ಕೆ ಪರಿಹಾರ ಪ್ರಕಟಿಸಿದವರು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ರೇಡಿಯಾ ಪರ್ಲ್‌ಮನ್. ಬ್ರಿಜ್‌ಗಳು (ಇಂದಿನ ಸ್ವಿಚ್ ಇವುಗಳ ಸಂತಾನವೇ) ತಮ್ಮ ಗುರುತುಸಂಖ್ಯೆಗಳನ್ನು ಪರಸ್ಪರ ತಿಳಿಸುತ್ತವೆ. ಅತಿ ಚಿಕ್ಕ ಸಂಖ್ಯೆಯದು ಬೇರು. ಬೇರಿಗೆ ಹತ್ತಿರದ ದಾರಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ಮುಚ್ಚಿದಾಗ, ರೆಂಬೆಗಳು ಮತ್ತೆಲ್ಲೂ ಕೂಡದ ಮರವೊಂದು ಉಳಿಯುತ್ತದೆ. ಗಮನಿಸಿ, ತಂತಿಯನ್ನು ಯಾರೂ ಕೀಳುವುದಿಲ್ಲ. ಒಂದು ದಾರಿ ಕಡಿದರೆ ಮುಚ್ಚಿದ್ದು ತೆರೆಯುತ್ತದೆ. ಮೇಲ್ವಿಚಾರಕನಿಲ್ಲದೆ ನಡೆಯುವ ಈ ಒಪ್ಪಂದ ನನಗಂತೂ ಬೆರಗು.

1990ರಲ್ಲಿ ಇದು 802.1ಡಿ ಮಾನಕವಾಯಿತು. ಹೊಸ ದಾರಿ ತೆರೆಯಲು 30ರಿಂದ 50 ಸೆಕೆಂಡು ಬೇಕಾಗುತ್ತಿತ್ತು. 2001ರ ಸುಧಾರಣೆ ಅದನ್ನು ಕೆಲವೇ ಸೆಕೆಂಡಿಗೆ ಇಳಿಸಿತು.