ಕಲ್ಲುಕೋಟೆಯೂ ಕಾಗದದ ಕಂದಕವೂ

ದಿಂಡಿಗಲ್ಲಿನ ಬಂಡೆಕೋಟೆ ಕಂಬಂ ಕಣಿವೆ, ತೇನಿಗಳ ಕನ್ನಡ ಮನೆಗಳಿಗೆ ಹೊಸದಲ್ಲ. 1755ರಲ್ಲಿ ಹೈದರಾಲಿ ಅಲ್ಲಿ ಫೌಜುದಾರನಾದ; 1792ರ ಒಪ್ಪಂದದಲ್ಲಿ ಟಿಪ್ಪು ಆ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಆ ಯುದ್ಧಗಳ ನೆಲವನ್ನು ಇಂದಿಗೂ ಹತ್ತಿ ನೋಡಬಹುದು.

ಮೊದಲ ಮಹಾಯುದ್ಧದ ಕಂದಕಗಳು ಹಾಗಲ್ಲ. ಫ್ರಾನ್ಸಿನ ರೈತರು ಹೆಚ್ಚಿನವನ್ನು ಮುಚ್ಚಿ ಉತ್ತರು, ಉಳಿದದ್ದು ನಕ್ಷೆ. 1915ರ ಮಾರ್ಚಿನಲ್ಲಿ ಭಾರತೀಯ ದಳಗಳು ಹೋರಾಡಿದ ನ್ಯೂವ್ ಶಾಪೆಲ್‌ನ ಜರ್ಮನ್ ಕಂದಕಗಳನ್ನು ವಿಮಾನದಿಂದ ತೆಗೆದ ಚಿತ್ರಗಳ ಮೇಲಿಂದ ಗುರುತಿಸಿದ್ದರು. 1927ರ ಅಲ್ಲಿನ ಸ್ಮಾರಕದಲ್ಲಿ ಗೋರಿ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ.

ಅಂಥವರ ನೆಲ ಹುಡುಕುವುದು ಹೀಗೆ. ಯುದ್ಧಪದಕದ ಅಂಚಿನಲ್ಲಿ ಸಂಖ್ಯೆ, ಹೆಸರು, ದಳ ಕೊರೆದಿರುತ್ತದೆ. ದಳದ ದಿನಚರಿ ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಸಿಗುತ್ತದೆ. ಅದರಲ್ಲಿ ಅಕ್ಷರ, ಅಂಕಿಗಳ ಗುರುತಿದ್ದರೆ, ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಗಣಕಕ್ಕೆ ಏರಿಸಿರುವ ಕಂದಕ ನಕ್ಷೆಗಳಲ್ಲಿ ಹುಡುಕಬೇಕು: ಮೊದಲು ಅಕ್ಷರದ ಚೌಕ, ಅದರೊಳಗೆ 1,000 ಗಜದ ಅಂಕಿಯ ಚೌಕ, ಅದರ ಕಾಲುಭಾಗ, ಕೊನೆಗೆ 50 ಗಜದ ಜಾಗ. ನಕ್ಷೆಯ ತಾರೀಖನ್ನು ಮರೆಯಬಾರದು, ಕಂದಕಗಳು ಸರಿದಾಡುತ್ತಿದ್ದವು. ಬ್ರಿಟಿಷರ ನಕ್ಷೆಗಳಲ್ಲಿ ಜರ್ಮನ್ ಕಂದಕ ಕೆಂಪು, ತಮ್ಮದು ನೀಲಿ. 1918ರಲ್ಲಿ ಬಣ್ಣ ಅದಲುಬದಲಾಯಿತು.

ಇದರಿಂದ ಸಿಗುವುದು ಗೋರಿಯಲ್ಲ, ದಳ ನಿಂತ ನೆಲ. 'ಕಡಲಾಚೆ ತೀರಿಕೊಂಡ' ಎಂಬ ಮಾತಷ್ಟೇ ಉಳಿದಿರುವ ಮನೆಗೆ ಅದೂ ದೊಡ್ಡದು. ಪದಕದ ಜೊತೆ ಆ ನಕ್ಷೆಯ ಪ್ರತಿಯೊಂದನ್ನು ಇಟ್ಟರೆ, 'ಎಲ್ಲಿ?' ಎಂದು ಕೇಳುವ ಮೊಮ್ಮಕ್ಕಳಿಗೆ ತೋರಿಸಬಹುದು.