ವ್ಯವಹಾರ ಗಣಿತ

ಕೊಡುಕೊಳ್ಳುವಿಕೆ, ಬಡ್ಡಿ, ಅಳತೆ, ತೂಕಗಳ ಲೆಕ್ಕ ಮಾಡಿಸುತ್ತಲೇ ಗಣಿತ ಕಲಿಸುವ ಪದ್ಧತಿ. ಸೂತ್ರ ಮೊದಲು, ಉಪಯೋಗ ಆಮೇಲೆ ಎಂಬ ಭೇದವನ್ನು ಈ ಪರಂಪರೆ ಅಷ್ಟಾಗಿ ಲಕ್ಷಿಸಲಿಲ್ಲ.

ಇದರ ದೊಡ್ಡ ಹೆಸರು ಮಹಾವೀರಾಚಾರ್ಯ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಈತ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ' ಅಳತೆ, ನಾಣ್ಯಗಳ ಪರಿಭಾಷೆಯಿಂದಲೇ ಶುರುವಾಗುತ್ತದೆ. ಅಡುಗೆ, ವೈದ್ಯ, ವಾಸ್ತು, ಸಂಗೀತ, ಛಂದಸ್ಸು ಎಲ್ಲಕ್ಕೂ ಗಣಿತ ಬೇಕೆಂದು ಆರಂಭದಲ್ಲೇ ವಾದಿಸುತ್ತದೆ. ಮುಂದೆ ತ್ರೈರಾಶಿಕ, ಬಡ್ಡಿ, ಗುಂಡಿ ತೋಡುವ ಲೆಕ್ಕ, ನೆರಳಿನ ಅಳತೆ ಬರುತ್ತವೆ.

ಚಿನ್ನದ ಲೆಕ್ಕ ಅಕ್ಕಸಾಲಿಗನ ಅಂಗಡಿಯದೇ. ಅಪ್ಪಟ ಚಿನ್ನಕ್ಕೆ 16 ವರ್ಣ. ಆ ಚಿನ್ನದ 2 ಗದ್ಯಾಣವನ್ನು 10 ವರ್ಣದ 4 ಗದ್ಯಾಣದೊಡನೆ ಕರಗಿಸಿದರೆ ಬರುವುದು ಎಷ್ಟು ವರ್ಣದ್ದು? 32ಕ್ಕೆ 40 ಕೂಡಿ, 6ರಿಂದ ಭಾಗಿಸಿದರೆ 12. ಇಂದಿನ ಪಠ್ಯದ 'ತೂಕಭರಿತ ಸರಾಸರಿ' ಇದೇ.

ಎಲ್ಲವೂ ಇಷ್ಟು ಉಪಯುಕ್ತವಲ್ಲ. ದಾರಿಯಲ್ಲಿ ಹಣದ ಚೀಲ ಸಿಕ್ಕ ವರ್ತಕರು, ಹರಿದು ಚೆಲ್ಲಿದ ಮುತ್ತಿನ ಹಾರ: ಇವು ವ್ಯವಹಾರದ ವೇಷ ತೊಟ್ಟ ಒಗಟುಗಳು. ಆದರೂ ವಿದ್ಯಾರ್ಥಿಯ ಕುತೂಹಲ ಕೆರಳಿಸಲು ಆಚಾರ್ಯ ಹಿಂಜರಿದಂತೆ ಕಾಣುವುದಿಲ್ಲ.

ಕನ್ನಡದಲ್ಲೇ ಈ ವಿಷಯ ಬರೆದವರಲ್ಲಿ ಮೊದಲಿಗ, 12ನೇ ಶತಮಾನದ ಜೈನಕವಿ ರಾಜಾದಿತ್ಯ. ಅವನ ಕೃತಿಯ ಹೆಸರೇ 'ವ್ಯವಹಾರಗಣಿತ'.

ಊರ ಮಠಗಳಲ್ಲಿ, ಐಗಳ ಜಗಲಿಗಳಲ್ಲಿ ಈ ಕಲಿಕೆ ಬಾಯಿಪಾಠವಾಗಿ ಉಳಿಯಿತು. 1823ರಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಕ್ಯಾಂಪ್‌ಬೆಲ್ ಸಲ್ಲಿಸಿದ ವರದಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು, ಆಮೇಲೆ ಕಪ್ಪು ಬಳಿದ ಕಡತದ ಮೇಲೆ ಬಳಪದಿಂದ. ಬಾಯಿಪಾಠದಲ್ಲಿ ಇಡೀ ಸಂಖ್ಯೆಗಳ ಮಗ್ಗಿಯಷ್ಟೇ ಸಾಲದು; ಕಾಲು, ಅರೆ, ಮುಕ್ಕಾಲರ ಮಗ್ಗಿಗಳೂ ಬೇಕಿದ್ದವು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲದಲ್ಲಿ ಅವು ಬಾರದವನಿಗೆ ಸಂತೆಯಲ್ಲಿ ಟೋಪಿ ಬೀಳುವುದು ಖಚಿತ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಸೇರು, ಕೊಳಗಗಳ ಜಾಗಕ್ಕೆ ಕಿಲೋ, ಲೀಟರ್ ಬಂದವು. ಭಿನ್ನರಾಶಿಯ ಮಗ್ಗಿಗಳಿಗೆ ಕೆಲಸವಿಲ್ಲದೆ ಹೋಯಿತು. ತರಕಾರಿ ಅಂಗಡಿಯಲ್ಲಿ ಮಾತ್ರ ಇಂದಿಗೂ ಗಿರಾಕಿ ಕೇಳುವುದು ಕಾಲು ಕೆಜಿ ಹುರುಳಿಕಾಯಿಯನ್ನೇ.